ನಂಬರ್ ಪ್ಲೇಟಿಗೆ ಹಚ್ಚಿದ ವಿಭೂತಿ

ಈ ವರ್ಷದ ಆಯುಧಪೂಜೆಗೆ ಚಿಕಾಗೋ ಹತ್ತಿರದ ಲೆಮಾಂಟ್ ದೇವಸ್ಥಾನಕ್ಕೆ ಹೋದವಳು, ಯಾರದೋ ಕಾರಿನ ನಂಬರ್ ಪ್ಲೇಟು ಒರೆಸಿ ಬೈಸಿಕೊಂಡು ಬಂದೆ.

ಪಾರ್ಕಿಂಗ್ ಲಾಟಿನಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಭಟ್ಟರು ಒಂದೊಂದಕ್ಕೂ ಮಂಗಳಾರತಿ ಎತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಿ, "ಮುಂದೆ ತಗೊಳ್ಳಿ" ಎನ್ನುತ್ತಿದ್ದರು. ಟೈರಿನ ಕೆಳಗೆ ನಿಂಬೆಹಣ್ಣು ಪಚಕ್ಕನೆ ಒಡೆದಾಗ ಅದರ ಹುಳಿ, ಚೆಂಡುಹೂವು, ಕರ್ಪೂರ, ರಬ್ಬರು ಎಲ್ಲ ಬೆರೆತು ಒಂದು ವಾಸನೆ ಏಳುತ್ತದೆ. ನಮ್ಮವರಿಗೆಲ್ಲ ಅದು ಹಬ್ಬದ ವಾಸನೆ. ನನಗೆ ಅದು ಮೂಗಿಗೆ ಬಡಿದರೆ ಸಾಕು, ಕಣ್ಣು ಎದುರಿನ ಕಾರಿನ ನಂಬರ್ ಪ್ಲೇಟಿಗೆ ಹೋಗುತ್ತದೆ. ನನ್ನ ಮುಂದಿನ ಕಾರಿನ ಯುವಕ ಹಿಂದಿನ ಪ್ಲೇಟಿಗೆ ಅರಿಶಿನ ಕುಂಕುಮ ದಪ್ಪಗೆ ಮೆತ್ತಿ, ಅದರ ಮೇಲೆ ಹೂವಿನ ಮಾಲೆಯನ್ನೂ ಇಳಿಬಿಟ್ಟಿದ್ದ. ಒಂದು ಅಂಕಿಯೂ ಕಾಣುತ್ತಿರಲಿಲ್ಲ. ನಾನು ಸುಮ್ಮನೆ ಇಳಿದುಹೋಗಿ, ಮಾಲೆ ಪಕ್ಕಕ್ಕೆ ಸರಿಸಿ, ಸೆರಗಿನಿಂದ ಒರೆಸತೊಡಗಿದೆ.

"ಆಂಟಿ, ಏನ್ ಮಾಡ್ತಿದೀರಾ? ಈಗ ತಾನೇ ಪೂಜೆ ಆಗಿರೋದು!"

"ನಂಬರ್ ಕಾಣಬೇಕಪ್ಪ. ಕಾಣದೇ ಇದ್ರೆ ಪೊಲೀಸ್ ನಿಲ್ಲಿಸ್ತಾರೆ."

"ನಿಲ್ಲಿಸ್ಲಿ ಬಿಡಿ ಆಂಟಿ. ಲೈಸೆನ್ಸ್ ತೋರಿಸಿದ್ರೆ ಆಯ್ತು."

ಅವನ ಹೆಂಡತಿ ಕಾರಿನೊಳಗಿಂದಲೇ ನನ್ನನ್ನು ಒಂದು ಥರ ನೋಡಿದಳು. ದೇವಸ್ಥಾನಕ್ಕೊಬ್ಬರು ಇಂಥ ತಲೆಕೆಟ್ಟ ಆಂಟಿ ಇದ್ದೇ ಇರುತ್ತಾರೆ ಎಂಬ ನೋಟ ಅದು. ನೋಡಿಕೊಳ್ಳಲಿ. ನಾನು ನನ್ನ ಕಾರಿಗೆ ಬಂದು ಕೂತೆ. ಕೈಬೆರಳೆಲ್ಲ ಕೆಂಪಾಗಿತ್ತು. ಲೈಸೆನ್ಸ್ ತೋರಿಸಿದರೆ ಆಯಿತು ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟ! ತೋರಿಸಲಿಕ್ಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಡೆಟ್ರಾಯ್ಟ್ ಕಡೆ ಕಳೆದ ಕೊನೆಯ ವರ್ಷ ಕಣ್ಣಾರೆ ಕಂಡಿದ್ದೇನೆ.

ಆಗ ನಾವಿದ್ದದ್ದು ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ಪಕ್ಕದ ಕ್ಯಾಂಟನ್‌ನಲ್ಲಿ. ನನ್ನ ಗಂಡನಿಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಒಂದು ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ನೀಲಕ್ಕ ಇದ್ದರು. ಗದಗಿನವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ತಂಗಿಯ ಮಗಳ ಬಾಣಂತನಕ್ಕೆಂದು ವಿಸಿಟರ್ ವೀಸಾದ ಮೇಲೆ ಬಂದವರು, ವಾಪಸು ಹೋಗಲಿಲ್ಲ. ಹೋಗಲಿಲ್ಲ ಎನ್ನುವುದಕ್ಕಿಂತ ನಾವು ಹೋಗಗೊಡಲಿಲ್ಲ ಎನ್ನುವುದು ಸರಿ.

ನಮ್ಮ ಹೆಣ್ಣುಮಕ್ಕಳು ಎಷ್ಟೇ ಓದಿರಲಿ, ಎಷ್ಟೇ ದೊಡ್ಡ ಹುದ್ದೆಯಲ್ಲಿರಲಿ, ಹೆರಿಗೆಯಾದ ಮೂರನೆಯ ದಿನಕ್ಕೆ ಅವರಿಗೆ ಅಮ್ಮ ಬೇಕು. ಬಿಸಿ ಎಣ್ಣೆ, ಸುಡುಸುಡು ನೀರು, ಸೊಂಟಕ್ಕೆ ಬಿಗಿಯಾಗಿ ಸುತ್ತುವ ಬಟ್ಟೆ, ಮೆಣಸಿನ ಸಾರು, ಅಂಟಿನುಂಡೆ, ಸಾಂಬ್ರಾಣಿ ಹೊಗೆ, ಎಲ್ಲ ಬೇಕು. ಅಮ್ಮನಿಗೆ ವೀಸಾ ಸಿಗದಿದ್ದರೆ, ಸಿಕ್ಕರೂ ಮಂಡಿನೋವಿದ್ದರೆ, ಇಲ್ಲವೇ ಅಮ್ಮನೇ ಇಲ್ಲದಿದ್ದರೆ ಯಾರನ್ನು ಕರೆಯುವುದು? ನೀಲಕ್ಕನ ಕೈಗುಣ ಹೇಗಿತ್ತೆಂದರೆ, ತಂಗಿಮಗಳ ಕೂಸು ನೋಡಲು ಬಂದವರೆಲ್ಲ ನೀಲಕ್ಕನನ್ನೇ ನೋಡಿಕೊಂಡು ಹೋದರು. ಆರು ತಿಂಗಳು ಮುಗಿಯುವ ಹೊತ್ತಿಗೆ ಕನ್ನಡ ಸಂಘದ ಪ್ರಕಾಶ್ ಅಂಕಲ್ ನೀಲಕ್ಕನಿದ್ದ ಮನೆಗೇ ಬಂದರು. ಅವರ ಹಿರಿ ಮಗಳಿಗೆ ದಿನ ತುಂಬಿತ್ತು. "ಇನ್ನೊಂದೆರಡು ತಿಂಗಳು ಇದ್ದು ಹೋಗಿ ನೀಲಮ್ಮ. ಇಲ್ಲಿ ಯಾರೂ ಏನೂ ಕೇಳಲ್ಲ, ಏನೂ ಆಗಲ್ಲ" ಎಂದು ಅವರು ಹೇಳಿದಾಗ ನಾನು ಅಲ್ಲೇ ಇದ್ದೆ. ಆ ಎರಡು ತಿಂಗಳ ಬೆನ್ನಿಗೆ ಇನ್ನೊಬ್ಬರ ಎರಡು ತಿಂಗಳು, ಅದರ ಬೆನ್ನಿಗೆ ಮತ್ತೊಬ್ಬರದು. ಹೀಗೆ ವರ್ಷಗಳು ಉರುಳಿದವು. ತಂಗಿಯ ಮಗಳು ಟೆಕ್ಸಸ್‌ಗೆ ಹೊರಟಾಗ ತನ್ನ ಹಳೆಯ ಕಾರನ್ನು ದೊಡ್ಡಮ್ಮನಿಗೆ ಬಿಟ್ಟು ಹೋದಳು.

ಗದಗಿನಲ್ಲಿ ಲೂನಾ ಓಡಿಸುತ್ತಿದ್ದ ಹೆಂಗಸು. ಒಂದು ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನಾನೇ ಕಾರು ಕಲಿಸಿದೆ, ಬೇಗ ಕಲಿತರು. ಡ್ರೈವ್ ಮಾಡದೆ ಆ ಊರುಗಳಲ್ಲಿ ಬದುಕುವ ಹಾಗೇ ಇಲ್ಲ. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಬಸ್ಸಿಲ್ಲ, ನಡೆದು ಹೋಗೋಣವೆಂದರೆ ಎಷ್ಟೋ ಕಡೆ ಕಾಲುದಾರಿಯೂ ಇಲ್ಲ. ಎಲ್ಲರಿಗೂ ಬೆಳಿಗ್ಗೆ ಎಂಟಕ್ಕೆ ಕೂಸಿಗೆ ನೀರು ಹಾಕಲು ನೀಲಕ್ಕ ಬೇಕು. ನೀಲಕ್ಕ ಹೇಗೆ ಬರುತ್ತಾರೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಉತ್ತರ ಗೊತ್ತಾಗುತ್ತಿತ್ತಲ್ಲ, ಅದಕ್ಕೇ ಕೇಳಲಿಲ್ಲ.

ಮಿಶಿಗನ್‌ನಲ್ಲಿ ಒಂದು ಕಾಲಕ್ಕೆ ಕಾಗದಪತ್ರ ಇಲ್ಲದವರಿಗೂ ಲೈಸೆನ್ಸ್ ಸಿಗುತ್ತಿತ್ತಂತೆ. ನೀಲಕ್ಕ ಬರುವ ಎಷ್ಟೋ ವರ್ಷ ಮೊದಲೇ ಅದು ನಿಂತುಹೋಗಿತ್ತು. ಹಾಗಾಗಿ ಅವರಷ್ಟು ಎಚ್ಚರದ ಡ್ರೈವರನ್ನು ನಾನು ಮಿಶಿಗನ್‌ನಲ್ಲೂ ಕಂಡಿಲ್ಲ, ಈಗಿರುವ ಇಲಿನಾಯ್‌ನಲ್ಲೂ ಕಂಡಿಲ್ಲ. ಪ್ರತಿ ಸಲ ಹೊರಡುವ ಮುಂಚೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ. ಎಲ್ಲ ದೀಪ ಹೊತ್ತಿಸಿ ನೋಡಬೇಕು. ನಾನು ಅಲ್ಲಿದ್ದರೆ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತುತ್ತಿದ್ದರು.

"ಹತ್ತಿತೇನು ತಂಗಿ?"

"ಹತ್ತಿತು ನೀಲಕ್ಕ."

"ಎರಡೂ?"

"ಎರಡೂ."

"ಒಂದು ಬಲ್ಬು ಸತ್ರ ನಾ ಸತ್ತಂಗ ನೋಡು."

ಮೂವತ್ತೈದು ಮೈಲಿ ಎಂದು ಬೋರ್ಡಿದ್ದರೆ ಮೂವತ್ತೈದೇ. ಫ್ರೀವೇ ಹತ್ತುತ್ತಿರಲಿಲ್ಲ. ಸ್ಟಾಪ್ ಸೈನ್ ಬಂದರೆ ಪೂರ್ತಿ ನಿಂತು, ಎಡ ಬಲ ನೋಡಿ, "ಶಿವಾ" ಎಂದು ಮುಂದಕ್ಕೆ ಬಿಡುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದರೆ, "ಹೊಡಕೋರಿ, ನಿಮಗೇನು" ಎನ್ನುತ್ತಿದ್ದರು. ಹಿಮ ಬಿದ್ದ ದಿನ ನಮ್ಮ ಕಾರುಗಳ ಮೇಲೆ ಗುಡ್ಡೆ ಗುಡ್ಡೆ ಹಿಮ ಹೊತ್ತುಕೊಂಡೇ ನಾವು ಓಡಾಡುತ್ತಿದ್ದೆವು. ನೀಲಕ್ಕ ಮಾತ್ರ ಬೆಳಿಗ್ಗೆ ಆರಕ್ಕೆದ್ದು ಕಾರಿನ ಹಿಂದೆ ಮುಂದೆ ಎಲ್ಲ ಕೆರೆದು, ಪ್ಲೇಟಿನ ಅಂಕಿಗಳನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ ಹೊರಡುತ್ತಿದ್ದರು.

ಆ ವರ್ಷ ವಸಂತ ತಡವಾಗಿ ಬಂತು. ಮೇ ತಿಂಗಳಿನಲ್ಲೂ ಬೆಳಿಗ್ಗೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತೇ ಡಿಗ್ರಿ. ಹೊರಗೆ ಚಳಿ ಇದ್ದರೂ ಒಳಗೆ ಒಂದು ಆಸೆ ಚಿಗುರಿತ್ತು. ಇಲಿನಾಯ್‌ನಲ್ಲಿ ಆ ಬೇಸಿಗೆಯಿಂದ ಕಾಗದ ಇಲ್ಲದವರಿಗೂ ಎಲ್ಲರಂಥದೇ ಲೈಸೆನ್ಸ್ ಕೊಡುತ್ತಾರೆಂದು ಸುದ್ದಿ ಬಂತು. ಅಲ್ಲಿ ಮುಂಚೆಯೂ ಕೊಡುತ್ತಿದ್ದರು, ಆದರೆ ನೋಡಿದ ಕೂಡಲೇ ಇವರು ಇಂಥವರು ಎಂದು ಗೊತ್ತಾಗುವಂಥ ಬೇರೆ ಬಗೆಯದು. ಈಗ ಆ ಗುರುತೂ ಹೋಗುತ್ತಿತ್ತು. ಮಿಶಿಗನ್‌ನಲ್ಲೂ ಲೈಸೆನ್ಸ್ ಕೊಡಬೇಕೆಂಬ ಮಸೂದೆಗಳು ರಾಜಧಾನಿ ಲ್ಯಾನ್ಸಿಂಗ್‌ನ ಶಾಸನಸಭೆಯಲ್ಲಿ ಬಿದ್ದುಕೊಂಡಿದ್ದವು. ಒಂದೇ ಸರೋವರದ ಆಚೆ ದಡದಲ್ಲಿ ಲೈಸೆನ್ಸು, ಈಚೆ ದಡದಲ್ಲಿ ಕೈಕೋಳ. ಇದೆಂಥ ನ್ಯಾಯ ಎಂದು ನಾನು ಕುದಿಯುತ್ತಿದ್ದೆ. ನೀಲಕ್ಕ ನಗುತ್ತಿದ್ದರು. "ನೀರು ಒಂದಾದ್ರೂ ದಂಡಿ ಎರಡಲ್ಲೇನು?"

ಮಸೂದೆಯ ಪರ ಮಾತಾಡಲು ಜನ ಲ್ಯಾನ್ಸಿಂಗ್‌ಗೆ ಹೋಗುವ ದಿನವೊಂದು ಗೊತ್ತಾಯಿತು. ಅವರವರ ಪ್ರತಿನಿಧಿಯ ಕಚೇರಿಗೆ ಹೋಗಿ ಎರಡು ಮಾತು ಹೇಳಿ ಬರುವುದು, ಅಷ್ಟೇ. ನೀಲಕ್ಕ ಬಾಣಂತನ ಮಾಡಿದ ಮನೆಗಳಿಂದ ಒಂದಿಬ್ಬರು ತಾಯಂದಿರು ಬಂದು, "ನಮ್ಮ ಮಗುವನ್ನು ಇಂಥವರೊಬ್ಬರೇ ನೋಡಿಕೊಂಡರು, ಅಂಥವರಿಗೆ ಲೈಸೆನ್ಸ್ ಕೊಟ್ಟರೆ ರಸ್ತೆಗೇನೂ ನಷ್ಟವಿಲ್ಲ" ಎಂದರೆ ಎಷ್ಟು ಚೆನ್ನ ಎಂದುಕೊಂಡೆ. ನೀಲಕ್ಕನ ಹೆಸರೂ ಹೇಳಬೇಕಾಗಿರಲಿಲ್ಲ. ಎಷ್ಟು ಮನೆಗೆ ಹೋದೆ! ಎಲ್ಲ ಕಡೆ ಒಳ್ಳೆ ಫಿಲ್ಟರ್ ಕಾಫಿ ಸಿಕ್ಕಿತು, ಜೊತೆಗೆ ಬರುವವರು ಮಾತ್ರ ಸಿಗಲಿಲ್ಲ.

ಹತ್ತಿರದ ನೋವೈ ಎಂಬ ಊರಿನಲ್ಲಿದ್ದ ರಶ್ಮಿಯ ಮನೆಗೆ ಹೋದಾಗ ಅವಳು ಎರಡನೆಯ ಬಸುರಿ. ಮೊದಲನೆಯ ಮಗುವಿನ ಬಾಣಂತನ ನೀಲಕ್ಕನದೇ. ಆ ಮಗು ನಮ್ಮ ಕಾಲಬುಡದಲ್ಲೇ ಆಡುತ್ತಿತ್ತು.

"ಆಂಟಿ, ತಪ್ಪು ತಿಳ್ಕೋಬೇಡಿ. ನಮ್ಮದು ಗ್ರೀನ್ ಕಾರ್ಡ್ ಅಪ್ಲೈ ಮಾಡಿದೀವಿ. ಇಂಥದ್ರಲ್ಲೆಲ್ಲ ಕಾಣಿಸ್ಕೊಂಡ್ರೆ ಪ್ರಾಬ್ಲಮ್ ಆಗತ್ತೆ ಅಂತಾರೆ ಕಾರ್ತಿಕ್."

ಅವಳ ಗಂಡ ಕಾರ್ತಿಕ್ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ. "ಸಿಂಪತಿ ಇದೆ ಆಂಟಿ. ಬಟ್ ಲಾ ಈಸ್ ಲಾ ಅಲ್ವಾ?"

"ಬೆಳಿಗ್ಗೆ ಎಂಟಕ್ಕೆ ನಿಮ್ಮನೆ ಬಾಗಿಲಿಗೆ ಕಾರ್ ಬಂದು ನಿಲ್ತಿತ್ತಲ್ಲಪ್ಪ, ಆಗ ಲಾ ಎಲ್ಲಿ ಹೋಗಿತ್ತು?" ಎಂದೆ. ಅವನು ಮೀಟಿಂಗಿದೆ ಎಂದು ಎದ್ದು ಹೋದ.

ಪ್ರಕಾಶ್ ಅಂಕಲ್ ಇನ್ನೂ ಒಂದು ಕೈ ಮೇಲು. ಸಂಘದ ಅಧ್ಯಕ್ಷಗಿರಿ ಮಾಡಿ ಮಾಡಿ ಅವರಿಗೆ ಮನೆಯಲ್ಲೂ ಮೈಕಿನ ಮುಂದೆ ನಿಂತ ಹಾಗೆಯೇ ಮಾತು.

"ನೋಡಮ್ಮ ಸುಧಾ, ಸಂಘ ಅಂದ್ರೆ ಕಲ್ಚರ್. ಅದ್ರಲ್ಲಿ ಪಾಲಿಟಿಕ್ಸ್ ತರಬಾರದು. ಇನ್ನೊಂದು ಮಾತು. ನಾವೆಲ್ಲ ಲೈನಲ್ಲಿ ನಿಂತು ಬಂದೋರು. ಲೈನ್ ತಪ್ಪಿಸಿದೋರಿಗೂ ಲೈಸೆನ್ಸ್ ಕೊಟ್ಬಿಟ್ರೆ ಲೈನಿಗೆ ಏನ್ ಬೆಲೆ ಇರತ್ತೆ?"

"ಅಂಕಲ್, ಎರಡು ತಿಂಗಳು ಇದ್ದು ಹೋಗಿ, ಏನೂ ಆಗಲ್ಲ ಅಂತ ಅವರನ್ನ ಮೊದಲು ನಿಲ್ಲಿಸ್ಕೊಂಡೋರು ನೀವೇ."

"ಎರಡು ತಿಂಗಳು ಅಂದಿದ್ದು ನಾನು. ಇಷ್ಟು ವರ್ಷ ಇರಿ ಅಂದಿದ್ನಾ?"

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ಚಿಕ್ಕಂದಿನಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಪ್ರಕಾಶ್ ಅಂಕಲ್ ಮನೆಯ ಸೋಫಾದ ಮೇಲೆ ಕೂತು. ಅವರ ಮೊಮ್ಮಗನ ಫೋಟೋ ಎದುರಿಗೇ ಗೋಡೆಯ ಮೇಲಿತ್ತು. ಹಣೆಗೆ ದೃಷ್ಟಿಬೊಟ್ಟು ಇಟ್ಟಿದ್ದವರು ನೀಲಕ್ಕ.

ಕೊನೆಗೆ ನಾನೊಬ್ಬಳೇ ಹೋದೆ. ಮನೆಯ ಛಾವಣಿ ಹೊದಿಸುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ತೋಟಗಳಲ್ಲಿ ಸೇಬು ಕೀಳುವವರು ಬಂದಿದ್ದರು. ಹೆಚ್ಚಿನವರು ಮೆಕ್ಸಿಕೊ ಕಡೆಯವರು. ಒಬ್ಬ ತಾಯಿ ತನ್ನ ಶಾಲೆಗೆ ಹೋಗುವ ಮಗಳ ಕೈಲಿ ಇಂಗ್ಲಿಷಿನಲ್ಲಿ ಹೇಳಿಸಿದಳು, ದಿನಾ ಅಮ್ಮ ಮನೆಗೆ ಬರುವವರೆಗೆ ತಾನು ಕಿಟಕಿ ಬಿಟ್ಟು ಕದಲುವುದಿಲ್ಲವೆಂದು. ನಮ್ಮ ಪ್ರತಿನಿಧಿಯ ಕಚೇರಿಯಲ್ಲಿ ಎಳೆಯ ಸಹಾಯಕನೊಬ್ಬ ನನ್ನ ಸೀರೆ ನೋಡಿ, ಇದು ನಿಮ್ಮ ಸಮುದಾಯದ ಸಮಸ್ಯೆಯೂ ಹೌದೆಂದು ನನಗೆ ಗೊತ್ತಿರಲಿಲ್ಲ ಎಂದ. ಬಹಳ ಮರ್ಯಾದೆಯಿಂದಲೇ ಹೇಳಿದ. ಅವನಿಗೆ ಹೇಗೆ ಗೊತ್ತಾಗಬೇಕು? ನಮ್ಮವರು ಬಾಯಿ ಬಿಟ್ಟಿದ್ದರೆ ತಾನೇ.

ನೀಲಕ್ಕನಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. "ಅಂಜಿಕಿ ಇರತೈತಿ ತಂಗಿ. ಮಕ್ಕಳಾ ಮರಿ ಇದ್ದಾವರು. ನನಗರೆ ಏನೈತಿ, ಒಂದ ಕಾರು" ಎಂದರು.

"ಹಾಗಾದ್ರೆ ಇಲ್ಲಿ ಯಾಕೆ ಇರ್ತೀರಿ ನೀಲಕ್ಕ? ಚಿಕಾಗೋ ಕಡೆ ಹೋಗಿಬಿಡಿ" ಎಂದೆ. ಶಾಮ್‌ಬರ್ಗ್‌ನಲ್ಲಿದ್ದ ನನ್ನ ಗೆಳತಿಯ ಮನೆಯ ಬೇಸ್‌ಮೆಂಟಿನಲ್ಲಿ ಒಂದು ರೂಮು ಖಾಲಿ ಇತ್ತು. ಅಲ್ಲೂ ಬಾಣಂತಿಯರಿಗೇನು ಬರವಿರಲಿಲ್ಲ. ಅಲ್ಲೇ ವಾಸವಿದ್ದು, ವಿಳಾಸ ತೋರಿಸಿ, ಪರೀಕ್ಷೆ ಪಾಸು ಮಾಡಿದರೆ ಲೈಸೆನ್ಸ್ ಕೊಡುತ್ತಿದ್ದರು. ಭಾರತದ ಪಾಸ್‌ಪೋರ್ಟ್ ಹೇಗೂ ಇತ್ತು. ನೀಲಕ್ಕ, "ಅದರಾಗ ಫೋಟೋ ಹಾಕಿರತಾರಲ್ಲ, ಅಲ್ಲಿ ಕುಂಕುಮ ಇಟಗೊಂಡ್ರ ನಡೀತೈತೇನು?" ಎಂದು ಕೇಳಿದರು. ಗಂಡ ಹೋದ ಮೇಲೆ ವಿಭೂತಿ ಮಾತ್ರ ಹಚ್ಚುತ್ತಿದ್ದ ಹೆಂಗಸು. ಲೈಸೆನ್ಸಿನ ಫೋಟೋಕ್ಕೆ ಚೆನ್ನಾಗಿ ಕಾಣಬೇಕು ಎಂಬ ಆಸೆ ಅವರಲ್ಲಿ ಹುಟ್ಟಿದ್ದು ನೋಡಿ ನನಗೆ ಅಳು ಬಂತು. ಜುಲೈ ಕೊನೆಗೆ ಹೊರಡುವುದೆಂದು ನಿಶ್ಚಯವಾಯಿತು. ಪಾತ್ರೆಪಗಡೆ ಅರ್ಧ ಕಟ್ಟಿಯೂ ಆಗಿತ್ತು.

ಆಗ ರಶ್ಮಿ ಬಂದಳು. ಅವಳ ಅಮ್ಮನಿಗೆ ವೀಸಾ ಸಿಗಲಿಲ್ಲ, ಅತ್ತೆಗೆ ಬೆನ್ನುನೋವು. ನೀಲಕ್ಕನ ಕೈ ಹಿಡಿದುಕೊಂಡು ಅತ್ತಳು. "ನೀಲಾ ಆಂಟಿ, ನೀವು ಹೋಗ್ಬಿಟ್ರೆ ನಾನು ಏನ್ ಮಾಡ್ಲಿ? ನಮಗೆ ಬೇರೆ ಯಾರಿದ್ದಾರೆ?" ಲ್ಯಾನ್ಸಿಂಗ್‌ಗೆ ಎರಡು ಗಂಟೆ ಬರಲಾಗದವಳು ನಲವತ್ತು ದಿನ ಕೇಳಲು ಬಂದಿದ್ದಳು. ನಾನು ಅಡಿಗೆಮನೆಗೆ ಎದ್ದುಹೋದೆ. ಅಲ್ಲೇ ಇದ್ದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಅವಳು ಹೋದ ಮೇಲೆ ನೀಲಕ್ಕ ಹೇಳಿದರು: "ಹೂಂ ಅಂದೀನಿ ತಂಗಿ. ಮನಸ್ಸು ತಡೀಲಿಲ್ಲ. ದಸರಾ ಆದ ಕೂಡ್ಲೆ ಹೊಂಟಬಿಡತೀನಿ."

"ಅವರಿಗೋಸ್ಕರ ನೀವು ಯಾಕೆ ನಿಲ್ಲಬೇಕು?"

"ಅವರಿಗಲ್ಲವಾ. ಕೂಸು ಏನ ಮಾಡೈತಿ?"

ಸೆಪ್ಟೆಂಬರ್ ಮೊದಲಲ್ಲಿ ರಶ್ಮಿಗೆ ಹೆಣ್ಣುಮಗು ಹುಟ್ಟಿತು. ಆ ಸಲದ ಶರತ್ಕಾಲ ನೋಡಬೇಕಿತ್ತು. ಮಳೆ ಕಡಿಮೆ, ಬಿಸಿಲು ಬಹಳ, ಮರಗಳೆಲ್ಲ ಬೇಗ ಬಣ್ಣಕ್ಕೆ ತಿರುಗಿದವು. ನೀಲಕ್ಕನ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನ ಸುತ್ತ ಒಂದು ಜಾತಿಯ ಮರಗಳಿದ್ದವು. ಸಣ್ಣ ಸಣ್ಣ ಎಲೆ, ಥೇಟು ನಮ್ಮ ಬನ್ನಿ ಎಲೆಯ ಹಾಗೆ. ಅಕ್ಟೋಬರಿನಲ್ಲಿ ಅವು ಅಪ್ಪಟ ಹಳದಿಯಾಗಿ ಉದುರುತ್ತವೆ. ದಸರಾ ಹತ್ತಿರ ಬಂದರೆ ನೀಲಕ್ಕ ಅವನ್ನು ಆರಿಸಿ ಒಂದು ಚೀಲದಲ್ಲಿ ತುಂಬಿಡುತ್ತಿದ್ದರು. ಅವರ ಕಡೆ ದಸರೆಯ ದಿನ ಬನ್ನಿ ಕೊಟ್ಟು, "ಬಂಗಾರದಂಗ ಇರೋಣು" ಎಂದು ಹಿರಿಯರ ಕಾಲಿಗೆ ಬೀಳುವ ಪದ್ಧತಿ. "ನಮ್ಮಲ್ಲಿ ಹಸರು ಎಲಿಗೆ ಬಂಗಾರ ಅಂತೀವಿ. ಇಲ್ಲಿ ನೋಡು, ಖರೇನ ಬಂಗಾರ ಆಗಿ ಬೀಳತಾವ" ಎನ್ನುತ್ತಿದ್ದರು. ಆ ಸಲ ಚೀಲ ದೊಡ್ಡದಿತ್ತು. ಎಲ್ಲ ಬಾಣಂತಿ ಮನೆಗಳಿಗೂ ಹೋಗಿ, ಬನ್ನಿ ಕೊಟ್ಟು, ಹೇಳಿ ಹೋಗಬೇಕೆಂದು ಅವರ ಮನಸ್ಸು.

ದಸರೆಯ ಹಿಂದಿನ ದಿನ ಆಯುಧಪೂಜೆ. ರಶ್ಮಿಯ ಮನೆಯ ಡ್ರೈವ್‌ವೇಯಲ್ಲಿ ಅಕ್ಕಪಕ್ಕದ ನಾಲ್ಕಾರು ಮನೆಯವರು ಕಾರು ತಂದು ಪೂಜೆ ಇಟ್ಟುಕೊಂಡಿದ್ದರು. ನನ್ನ ಕಾರೂ ಇತ್ತು. ಬೂದುಗುಂಬಳದ ಬದಲು ಹ್ಯಾಲೋವೀನ್ ಕುಂಬಳ ಒಡೆದದ್ದಕ್ಕೆ ಎಲ್ಲರೂ ನಕ್ಕರು. ಮಿಶಿಗನ್‌ನಲ್ಲಿ ಕಾರಿಗೆ ಹಿಂದೆ ಮಾತ್ರ ನಂಬರ್ ಪ್ಲೇಟು. ಮುಂದೆ ಮಾಲೆ ಕಟ್ಟಲು ಏನೂ ಸಿಗುವುದಿಲ್ಲ, ಹಾಗಾಗಿ ಹೂವು ಕುಂಕುಮ ಎಲ್ಲ ಹಿಂದಿನ ಪ್ಲೇಟಿಗೇ. ಕಾರ್ತಿಕ್ ತನ್ನ ದೊಡ್ಡ ಕಾರಿಗೆ ಕುಂಕುಮ ಮೆತ್ತುತ್ತ ಹೋದ ವರ್ಷದ ಕತೆ ಹೇಳಿದ.

"ಲಾಸ್ಟ್ ಇಯರ್ ಇದೇ ಥರ ಹಚ್ಕೊಂಡು ಹೋಗ್ತಿದ್ದೆ, ಪೊಲೀಸ್ ಲೈಟ್ ಹಾಕ್ದ. ಏನಿದು ಅಂದ. ಇವತ್ತು ನಮ್ಮ ಹಬ್ಬ ಅಂದೆ. ಹೂವು ಚೆನ್ನಾಗಿದೆ, ಮನೆಗೆ ಹೋಗಿ ಪ್ಲೇಟ್ ಒರೆಸ್ಕೋ ಅಂತ ಲೈಸೆನ್ಸ್ ವಾಪಸ್ ಕೊಟ್ಟ. ಸ್ವೀಟ್ ಫೆಲೋ!"

ಎಲ್ಲರೂ ಮತ್ತೆ ನಕ್ಕರು. ನೀಲಕ್ಕ ಒಳಗೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು, ಈ ಮಾತು ಅವರ ಕಿವಿಗೆ ಬೀಳಲಿಲ್ಲ. ನನಗೆ ಮಧ್ಯಾಹ್ನ ದಂತವೈದ್ಯರ ಹತ್ತಿರ ಹೋಗಬೇಕಿತ್ತು, ನಾನು ಬೇಗ ಹೊರಟೆ. ಕೂಸನ್ನು ಮಲಗಿಸಿದ ಮೇಲೆ ನೀಲಕ್ಕ ತಮ್ಮ ಕಾರಿಗೂ ಪೂಜೆ ಮಾಡಿದರಂತೆ. ಇಷ್ಟು ವರ್ಷ ಕಾಪಾಡಿದ ಕಾರು, ಇನ್ನು ಕೆಲವೇ ದಿನಕ್ಕೆ ಇಲಿನಾಯ್‌ಗೆ ಹೊರಡುವ ಕಾರು. ನೀರಿನಲ್ಲಿ ವಿಭೂತಿ ಕಲೆಸಿ ಪ್ಲೇಟಿನ ಉದ್ದಕ್ಕೂ ಮೂರು ಬೆರಳಿನಲ್ಲಿ ಪಟ್ಟೆ ಎಳೆದು, ನಡುವೆ ಚೆಂಡುಹೂವಿನ ಮಾಲೆ ಕಟ್ಟಿದರು. ಸುತ್ತ ನಿಂತವರು ಫೋಟೋ ತೆಗೆದರು. ಹಿಮ ಬಿದ್ದರೆ ಅಂಕಿ ಒರೆಸಿ ಹೊರಡುತ್ತಿದ್ದ ಹೆಂಗಸಿಗೆ ದೇವರ ವಿಭೂತಿ ಒರೆಸಬೇಕೆಂದು ಹೊಳೆಯಲೇ ಇಲ್ಲ. ಯಾರಿಗೆ ತಾನೇ ಹೊಳೆಯುತ್ತದೆ? ಕಾರ್ತಿಕ್‌ಗೆ ಹೊಳೆಯಬೇಕಿತ್ತು. ಒಂದು ಗಂಟೆ ಹಿಂದೆ ಅವನೇ ಆ ಕತೆ ಹೇಳಿ ಎಲ್ಲರನ್ನೂ ನಗಿಸಿದ್ದ. ಅವನಿಗೂ ಹೊಳೆಯಲಿಲ್ಲ, ಯಾಕೆಂದರೆ ಅವನಿಗೆ ಅದೊಂದು ತಮಾಷೆಯ ಕತೆ.

ದಂತವೈದ್ಯರ ಪಾರ್ಕಿಂಗ್ ಲಾಟಿನಲ್ಲಿದ್ದಾಗ ಫೋನ್ ಬಂತು.

"ತಂಗಿ, ಪೊಲೀಸ ನಿಂದರಿಸ್ಯಾನವಾ. ಎಲ್ಲಾ ಬಲ್ಬು ಹತ್ತತಾವ. ಯಾಕ ನಿಂದರಿಸಿದ ಅಂತ ತಿಳೀವಲ್ದು."

ನಾನು ಹೋಗುವಷ್ಟರಲ್ಲಿ ಕಾರಿನ ಹಿಂದೆ ಎರಡು ಪೊಲೀಸ್ ಕಾರು ನಿಂತಿದ್ದವು. ಕೆಂಪು ನೀಲಿ ದೀಪ ಆ ವಿಭೂತಿ ಪಟ್ಟೆಯ ಮೇಲೆ ಬಿದ್ದು ಏಳುತ್ತಿತ್ತು. ಪೊಲೀಸಿನವನು ಕೆಟ್ಟವನೇನಲ್ಲ. ಪ್ಲೇಟು ಮುಚ್ಚಿದ್ದಕ್ಕೆ ನಿಲ್ಲಿಸಿದೆ, ಅದು ದೊಡ್ಡ ವಿಷಯವಲ್ಲ, ಆದರೆ ಇವರ ಹತ್ತಿರ ಲೈಸೆನ್ಸ್ ಇಲ್ಲ, ಇವರು ಯಾರೆಂದು ಗೊತ್ತುಮಾಡಲು ಗಡಿಯವರನ್ನು ಕರೆದಿದ್ದೇನೆ ಎಂದು ಸಮಾಧಾನವಾಗಿಯೇ ವಿವರಿಸಿದ. ಕೆನಡಾ ಹತ್ತಿರವಿರುವ ಆ ಸೀಮೆಯಲ್ಲಿ ಗಡಿ ಕಾಯುವವರು ಬರಲು ಹೆಚ್ಚು ಹೊತ್ತು ಬೇಡ. ನನ್ನ ಇಂಗ್ಲಿಷು, ನನ್ನ ಪೌರತ್ವ, ನನ್ನ ವಯಸ್ಸು ಎಲ್ಲವನ್ನೂ ಅವನ ಮುಂದೆ ಸುರಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ. ಕೇಳಿಸಿಕೊಂಡು, "ಐ ಆಮ್ ಸಾರಿ, ಮ್ಯಾಮ್" ಎಂದ.

ನೀಲಕ್ಕ ರಸ್ತೆಯ ಬದಿಯ ಹುಲ್ಲಿನ ಮೇಲೆ ಸೆರಗು ಹೊದ್ದು ನಿಂತಿದ್ದರು. ಕಾರಿನಿಂದ ಬಿಪಿ ಮಾತ್ರೆ ತೆಗೆದುಕೊಳ್ಳಲು ಬಿಟ್ಟರು. ಮಾತ್ರೆಯ ಜೊತೆ ಆ ಚೀಲವನ್ನೂ ತಂದರು.

"ನಾಳೆ ಕೊಡೂದಿತ್ತು. ಇವತ್ತ ತಗೋ" ಎಂದು ನನ್ನ ಕೈಗೆ ಒಂದು ಹಿಡಿ ಎಲೆ ಹಾಕಿದರು. "ಬಂಗಾರದಂಗ ಇರೋಣು."

ಅವರೇ ಮುಂದುವರಿಸಿದರು. "ರಶ್ಮಿಗೆ ಹೇಳು, ಕೂಸಿಗೆ ನೀರು ಭಾಳ ಬಿಸಿ ಮಾಡಬ್ಯಾಡ ಅಂತ. ನಲವತ್ತು ಮುಗಿಯಾಕ ಬಂದಾವು. ಕಡೀ ನೀರು ನಾನ ಹಾಕಬೇಕಿತ್ತು."

ಆಮೇಲಿನದನ್ನು ಬಿಡಿಸಿ ಹೇಳಿ ಏನು ಪ್ರಯೋಜನ? ವಕೀಲರನ್ನು ಹಿಡಿದೆವು. ವೀಸಾ ಮುಗಿದು ಎಷ್ಟು ವರ್ಷವಾಯಿತು ಎಂದು ಕೇಳಿದ ಮೇಲೆ ವಕೀಲರೂ ಆಗುವುದಿಲ್ಲವೆಂದು ಫೈಲು ಮುಚ್ಚಿದರು. ಬಂದೀಖಾನೆಯ ಗಾಜಿನಾಚೆ ನೀಲಕ್ಕ ಹಣೆಯಲ್ಲಿ ವಿಭೂತಿ ಇಲ್ಲದೆ ಕೂತಿದ್ದನ್ನು ನೋಡಿದೆ. ಆ ಬರಿದು ಹಣೆ ನೋಡಿದಾಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ರಶ್ಮಿ ಒಮ್ಮೆ ಫೋನ್ ಮಾಡಿದಳು. "ಪಾಪ ಆಂಟಿ, ನಮಗೆ ತುಂಬ ಬೇಜಾರಾಯ್ತು. ಅವರು ನಮ್ಮನೆಗೆ ಬರ್ತಿದ್ರು ಅಂತ ಎಲ್ಲೂ ಹೇಳಿಲ್ಲ ತಾನೇ?" ಎಂದು ಕೇಳಿದಳು. ಹೇಳಿರಲಿಲ್ಲ. ಎಲ್ಲಿ ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದವರಿಗೆಲ್ಲ ನೀಲಕ್ಕ, ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದೆ ಎಂದಷ್ಟೇ ಹೇಳಿದ್ದರು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಅವರನ್ನು ವಿಮಾನ ಹತ್ತಿಸಿದರು.

ಡಿಸೆಂಬರಿನಲ್ಲಿ ಲ್ಯಾನ್ಸಿಂಗ್‌ನ ಅಧಿವೇಶನ ಮುಗಿಯಿತು. ಆ ಮಸೂದೆಗಳು ಕಾನೂನಾಗಲಿಲ್ಲ, ಇದ್ದಲ್ಲೇ ಸತ್ತವು. ಮತಕ್ಕೆ ಹಾಕಿ ಸೋಲಿಸಿದ್ದರೂ ಒಂದು ಮರ್ಯಾದೆ ಇರುತ್ತಿತ್ತು, ಎದುರಿಗೆ ನಿಂತು ಬೇಡ ಅಂದರಲ್ಲ ಎನ್ನಬಹುದಿತ್ತು. ಅದೇ ವಾರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಪ್ರಕಾಶ್ ಅಂಕಲ್ ಬರೆದರು. ಅವರ ಕಿರಿ ಮಗಳಿಗೆ ಹೆರಿಗೆ ಹತ್ತಿರ ಬಂದಿತ್ತು. "ಬಾಣಂತನ ಮಾಡುವ ಒಳ್ಳೆಯ ಹೆಂಗಸರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ನಂಬಿಗಸ್ತರಾಗಿರಬೇಕು. ಸ್ವಂತ ಕಾರು ಇರಲೇಬೇಕು." ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ನಾನು ಆ ಗುಂಪಿನಿಂದ ಆಚೆ ಬಂದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ವಸಂತಕ್ಕೆ ನನ್ನ ಗಂಡನಿಗೆ ಲಿಸ್ಲ್‌ನಲ್ಲಿ ಕೆಲಸವಾಯಿತು. ನಾವು ಇಲಿನಾಯ್‌ಗೆ ಬಂದೆವು. ಮಿಶಿಗನ್ ಲೈಸೆನ್ಸ್ ಕೊಟ್ಟು ಇಲ್ಲಿನದು ತೆಗೆದುಕೊಳ್ಳಲು ಹೋದಾಗ ನನ್ನ ಪಕ್ಕದ ಕೌಂಟರಿನಲ್ಲಿ ಬಣ್ಣ ಮೆತ್ತಿದ ಪ್ಯಾಂಟು ತೊಟ್ಟ ಒಬ್ಬಾತ ತನ್ನ ದೇಶದ ಪಾಸ್‌ಪೋರ್ಟ್ ತೋರಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದ. ಕೂದಲು ನೀರಿನಲ್ಲಿ ತೀಡಿ ಬಾಚಿಕೊಂಡಿದ್ದ. ಅವನಿಗೆ ಒಳ್ಳೆಯದಾಗಲಿ ಎಂದುಕೊಂಡೆ. ಆದರೂ ಆ ಕುರ್ಚಿಯನ್ನೇ ನೋಡುತ್ತ ನಿಂತೆ. ನಮ್ಮವರು ಆ ಒಂದು ಬೇಸಿಗೆ ಹೋಗಗೊಟ್ಟಿದ್ದರೆ ಆ ಕುರ್ಚಿಯ ಮೇಲೆ ನೀಲಕ್ಕ ಕೂರುತ್ತಿದ್ದರು.

ಅವರೀಗ ಗದಗಿನಲ್ಲಿದ್ದಾರೆ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತೇನೆ. ಹೋದ ಸಲ ಕೇಳಿದರು: "ಅಲ್ಲಿ ಮಿಶಿಗನ್ನಿನಾಗ ಕಾನೂನು ಆತೇನು ತಂಗಿ?"

"ಇಲ್ಲ ನೀಲಕ್ಕ."

"ರಶ್ಮಿ ಕೂಸು ನಡ್ಯಾಕತ್ತಿರಬೇಕಲ್ಲ ಈಗ?"

"ನಡೀತಿರಬೇಕು" ಎಂದೆ. ನನಗೆ ಗೊತ್ತಿಲ್ಲ. ರಶ್ಮಿಯ ಜೊತೆ ನನಗೀಗ ಮಾತಿಲ್ಲ.

ಇದನ್ನೆಲ್ಲ ಲೆಮಾಂಟ್‌ನ ಪಾರ್ಕಿಂಗ್ ಲಾಟಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತು ನೆನೆಸಿಕೊಂಡೆ. ಅಲ್ಲೂ ಅಂಚಿನಲ್ಲಿ ಅದೇ ಜಾತಿಯ ಮರಗಳಿವೆ. ಸಣ್ಣ ಹಳದಿ ಎಲೆಗಳು ಗಾಳಿಗೆ ಬಂದು ನನ್ನ ಗಾಜಿನ ಮೇಲೆ ಕೂತವು. ಇಳಿದು ಒಂದು ಹಿಡಿ ಆರಿಸಿಕೊಂಡು ಮುಂದಿನ ಕಾರಿನ ಹತ್ತಿರ ಹೋದೆ. ಒರಟಾಗಿ ನಡೆದುಕೊಂಡೆನೇನೋ ಎನಿಸಿತ್ತು. "ತಗೊಳಪ್ಪ, ಬನ್ನಿ ಅಂದ್ಕೋ. ಬಂಗಾರದ ಹಾಗೆ ಇರೋಣ" ಎಂದೆ. ಅವನು ನಕ್ಕು ಎರಡೂ ಕೈಯಲ್ಲಿ ತೆಗೆದುಕೊಂಡ. ಅವನ ಹೆಂಡತಿಯೂ ನಕ್ಕಳು. ಒಳ್ಳೆಯ ಮಕ್ಕಳೇ.

ಭಟ್ಟರು ನನ್ನ ಕಾರಿಗೆ ಆರತಿ ಎತ್ತುತ್ತಿದ್ದಾಗ ಅವರ ಕಾರು ನಿಂಬೆಹಣ್ಣು ಒಡೆದು ಮುಂದೆ ಸಾಗಿತು. ಹಿಂದಿನ ಪ್ಲೇಟಿಗೆ ಮತ್ತೆ ಕುಂಕುಮ ಮೆತ್ತಿದ್ದರು, ಮೊದಲಿಗಿಂತ ದಪ್ಪಗೆ. ಮೆತ್ತಿಕೊಳ್ಳಲಿ. ನಿಲ್ಲಿಸಿದರೆ ತೋರಿಸಲಿಕ್ಕೆ ಅವನ ಹತ್ತಿರ ಲೈಸೆನ್ಸ್ ಇದೆ.